ಕಂಪ್ಯೂಟರಿನ ಕೊಸರು

ಬನ್ನಂಜೆಯ ನನ್ನ ಸೈಬರ್ ಕೆಫೆಗೆ ಪುಂಡಲೀಕ ಶೆಣೈಯವರು ಬಂದರೆಂದರೆ ಮೂಲೆಯ ಕಂಪ್ಯೂಟರಿಗೆ ಅರ್ಧ ದಿನ ಬಿಡುವಿಲ್ಲ. ತೂಕದ ಮೇಲೆ ಬಿಟ್ಟಿಯಾಗಿ ಒಂದಿಷ್ಟು ಕೊಸರು ಹಾಕಿಸದೆ ಅವರು ಬೆಂಡೆಕಾಯಿಯನ್ನೂ ಕೊಂಡವರಲ್ಲ. ಔಷಧದಂಗಡಿಯಲ್ಲಿ ಜ್ವರದ ಮಾತ್ರೆಗೂ ಕೊಸರು ಕೇಳಿದವರು. ಅಂಥವರಿಗೆ ಎರಡು ಸಾವಿರದ ಹದಿಮೂರರಲ್ಲಿ ಕ್ಯಾಶ್‌ಬ್ಯಾಕ್ ವೆಬ್‌ಸೈಟೊಂದು ಸಿಕ್ಕಿತು. ಅದರ ಮೂಲಕ ಹೋಗಿ ಆನ್‌ಲೈನ್ ಅಂಗಡಿಯಲ್ಲಿ ಕೊಂಡರೆ ಮೂರು ತಿಂಗಳಾದ ಮೇಲೆ ಸ್ವಲ್ಪ ಹಣ ವಾಪಸು. “ಇದು ಕಂಪ್ಯೂಟರಿನ ಕೊಸರು ಮಾರಾಯ, ಬಾಯಿಬಿಟ್ಟು ಕೇಳುವುದೇ ಬೇಡ!” ಎಂದು ಕುಣಿದಾಡಿದರು. ಪಕ್ಕದಲ್ಲಿ ಯಾರಾದರೂ ನೇರವಾಗಿ ಅಂಗಡಿಯ ಸೈಟಿಗೆ ಹೋದರೆ, “ಅಲ್ಲಿಂದಲ್ಲ, ಈ ಬಾಗಿಲಿಂದ ಹೋಗಿ” ಎಂದು ಮೌಸನ್ನೇ ಕಿತ್ತುಕೊಳ್ಳುವುದೂ ಉಂಟು. ಕೇರಿಯವರಿಗೆಲ್ಲ ಮಿಕ್ಸಿ, ಇಸ್ತ್ರಿಪೆಟ್ಟಿಗೆ ತರಿಸಿಕೊಡುವವರು ಅವರೇ. ಎಲ್ಲರ ಕೊಸರೂ ಇವರ ಜೇಬಿಗೇ ಎಂದು ನಾನು ನಂಬಿದ್ದೆ. ಮೀನು ಮಾರುವ ವಾರಿಜಕ್ಕನ ಮಗಳಿಗೂ ಹಾಗೆಯೇ ಒಂದು ಮೊಬೈಲ್ ತರಿಸಿಕೊಟ್ಟರು. ಮೂರು ತಿಂಗಳು ಕಳೆದು ಒಂದು ಬೆಳಿಗ್ಗೆ ಮೀನು ಮಾರ್ಕೆಟ್ಟಿನಲ್ಲಿ, ವಾರಿಜಕ್ಕನ ಕೈಗೆ ಅವರು ನೋಟು ಇಡುವುದನ್ನು ಕಂಡೆ. “ಇದೆಂತ ಶೆಣೈರೇ?” ಎಂದಳು ಆಕೆ. “ಮೊಬೈಲಿನ ಕೊಸರು. ನಿನ್ನದೇ.” ಮೂವತ್ತು ವರ್ಷ ಗಿರಾಕಿಗಳ ಚೀಲಕ್ಕೆ ಮೇಲೊಂದು ಮೀನು ಹಾಕುತ್ತಲೇ ಬಂದಿದ್ದ ವಾರಿಜಕ್ಕ ನೋಟನ್ನು ತಿರುಗಿಸಿ ತಿರುಗಿಸಿ ನೋಡಿದಳು. “ನನಗೆ ಈವರೆಗೆ ಯಾರೂ ಕೊಸರು ಕೊಟ್ಟದ್ದಿಲ್ಲ” ಎಂದಳು. ಅಂದು ಶೆಣೈಯವರು ಆರು ಬಂಗುಡೆಗೆ ದುಡ್ಡು ಕೊಟ್ಟು, ಆರೇ ಬಂಗುಡೆ ತೆಗೆದುಕೊಂಡು ಹೋದರು.