ಪ್ಲಾಸ್ಮಾ ಹೊತ್ತಿಕೊಳ್ಳದ ಮಧ್ಯಾಹ್ನ

ಯಾರಾದರೂ ಬುದ್ಧಿಗೆ ನಿಲುಕದ ಅನುಭವಗಳನ್ನು ಹೇಳತೊಡಗಿದರೆ ನಾನು ಕಾಫಿ ಮಾಡುವ ನೆಪದಲ್ಲಿ ಎದ್ದು ಹೋಗುವವಳು. ಅಳೆಯಲು ಬಾರದ್ದನ್ನು ನಂಬಿ ನನಗೆ ಅಭ್ಯಾಸವಿಲ್ಲ. ಹಾಗಾಗಿ ಇದನ್ನು ಬರೆಯಲು ಮುಜುಗರವೇ ಆಗುತ್ತಿದೆ.

ಬರ್ಕ್ಲಿಯ ಗುಡ್ಡದ ಮೇಲಿನ ಲ್ಯಾಬೊಂದರಲ್ಲಿ ಅಯಾನು ಕಿರಣದ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದೆ. ಅಯಾನುಗಳು ವಿದ್ಯುತ್ ಹೊತ್ತ ಪರಮಾಣುಗಳು, ನಮ್ಮ ಕಿರಣದಲ್ಲಿ ಎಲ್ಲವೂ ಒಂದೇ ಬಗೆಯವು. ಹತ್ತಿರ ತಂದಷ್ಟೂ ಒಂದನ್ನೊಂದು ದೂರ ತಳ್ಳುತ್ತವೆ. ಕಿರಣವನ್ನು ಪ್ಲಾಸ್ಮಾದೊಳಗಿಂದ, ಅಂದರೆ ವಿದ್ಯುತ್ತಿನಿಂದ ಹೊತ್ತಿಸಿದ ಅನಿಲದೊಳಗಿಂದ ಹಾಯಿಸಿದರೆ ಅಲ್ಲಿನ ಎಲೆಕ್ಟ್ರಾನುಗಳು ಆ ಜಗಳವನ್ನು ತಣಿಸುತ್ತವೆ, ಕಿರಣ ಒಂದು ಚುಕ್ಕಿಗೆ ಕೂಡಿಕೊಳ್ಳುತ್ತದೆ. ನಮ್ಮದು ಮಾತ್ರ ಕೂಡಿಕೊಳ್ಳುತ್ತಿರಲಿಲ್ಲ. ತೆರೆಯ ಮೇಲೆ ಸಾರು ಚೆಲ್ಲಿದಂಥ ಕಲೆ ಬೀಳುತ್ತಿತ್ತು. ಬರುವ ಸೋಮವಾರದ ಹೊತ್ತಿಗೆ ಚುಕ್ಕಿ ತೋರಿಸದಿದ್ದರೆ ಯಂತ್ರ ಬಿಚ್ಚುವುದೆಂದು ಮೇಲಿನವರು ಹೇಳಿಯಾಗಿತ್ತು. ವರ್ಷಗಟ್ಟಲೆ ಅದಕ್ಕೇ ಜೀವ ತೇಯ್ದವಳಿಗೆ ಅನ್ನ ಸೇರುತ್ತಿರಲಿಲ್ಲ.

ಶನಿವಾರ ಲ್ಯಾಬಿಗೆ ಹೋಗುವಾಗ ಅವ್ವನನ್ನೂ ಕರೆದುಕೊಂಡು ಹೋದೆ. ಧಾರವಾಡದಿಂದ ಬಂದು ಯೂನಿಯನ್ ಸಿಟಿಯಲ್ಲಿ ನನ್ನ ಜೊತೆ ಇದ್ದಳು. ಅಪಾರ್ಟ್‌ಮೆಂಟಿನಲ್ಲಿ ಒಬ್ಬಳನ್ನೇ ಬಿಡುವಂತಿರಲಿಲ್ಲ. ಅವಳ ನೋಟದ ನಡುಭಾಗ ಪೂರ್ತಿ ಹೋಗಿತ್ತು, ಅಂಚಿನಲ್ಲಿ ಮಾತ್ರ ಮಸುಕಾಗಿ ಕಾಣುತ್ತಿತ್ತು. ನನ್ನ ಜೊತೆ ಮಾತಾಡುವಾಗ ನನ್ನ ಕಿವಿಯ ಕಡೆ ನೋಡುತ್ತಿದ್ದಳು.

ಕಂಟ್ರೋಲ್ ರೂಮಿನಲ್ಲಿ ನನ್ನ ಬೆನ್ನ ಹಿಂದೆ ಅವಳಿಗೊಂದು ಕುರ್ಚಿ ಹಾಕಿ, ತೆರೆಯ ನಡುವೆ ಚುಕ್ಕಿ ಬೀಳಬೇಕೆಂದು ಹೇಳಿದೆ. ಯಂತ್ರ ಇದ್ದದ್ದು ದಪ್ಪ ಗೋಡೆಯ ಆಚೆ. ಮಧ್ಯಾಹ್ನದ ಹೊತ್ತಿಗೆ ಪ್ಲಾಸ್ಮಾ ಹೊತ್ತಿಕೊಳ್ಳುವುದೇ ನಿಂತಿತು. ಸಿಟ್ಟು ತಡೆಯದೆ, ಅದಿಲ್ಲದೆಯೇ ಒಮ್ಮೆ ಕಿರಣ ಹಾರಿಸಿದೆ.

"ನಡುವ ಚುಕ್ಕಿ ಬಂತಲ್ಲ!" ಎಂದಳು ಅವ್ವ.

ನನ್ನ ಮಾನಿಟರಿಗೇ ಚಿತ್ರ ಇನ್ನೂ ಬಂದಿರಲಿಲ್ಲ. ತಿರುಗಿದರೆ, ಅವಳು ನೇರವಾಗಿ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದಳು. "ಎಷ್ಟ ಸೊರಗಿದಿ ಯವ್ವಾ. ಕಣ್ಣ ಕೆಳಗ ಕಪ್ಪ ಆಗೇತಿ."

ಆಮೇಲೆ ಚಿತ್ರ ಬಂತು. ಸಾಸಿವೆ ಕಾಳಿನಷ್ಟು ಚುಕ್ಕಿ. ಪ್ಲಾಸ್ಮಾದ ಅಳತೆ ಸೊನ್ನೆ.

ಸಂಜೆಯವರೆಗೂ ಹಾಗೆಯೇ, ಪ್ಲಾಸ್ಮಾ ಇಲ್ಲದೆ, ಹಾರಿಸುತ್ತಲೇ ಇದ್ದೆ. ಪ್ರತಿಸಲ ಚಿತ್ರ ಬರುವ ಮೊದಲೇ ಅವ್ವ "ಇಲ್ಲ ಯವ್ವಾ" ಎನ್ನುತ್ತಿದ್ದಳು. ಬರುತ್ತಿದ್ದುದು ಅದೇ ಕಲೆ. ಅವಳ ನೋಟವೂ ಮತ್ತೆ ನನ್ನ ಕಿವಿಗೆ ಸರಿದಿತ್ತು.

ಸೋಮವಾರ ಆ ಚಿತ್ರವನ್ನೂ ಸೊನ್ನೆಯನ್ನೂ ಒಟ್ಟಿಗೇ ತೋರಿಸಿದೆ. ಪ್ಲಾಸ್ಮಾ ಇಲ್ಲದ ಚುಕ್ಕಿ ಲೆಕ್ಕಕ್ಕಿಲ್ಲ, ಕ್ಯಾಮೆರಾ ಕೈಕೊಟ್ಟಿರಬೇಕು ಎಂದರು ನಮ್ಮ ಮುಖ್ಯಸ್ಥರು. ಇರಬಹುದು. ಅವ್ವನ ಕಣ್ಣಿನ ವಿಷಯ ಹೇಗೆ ಹೇಳುವುದೆಂದು ನನಗೆ ತಿಳಿಯಲಿಲ್ಲ. ಯಂತ್ರವನ್ನು ಬಿಚ್ಚಿದರು. ಅಂದು ಬಾತ್‌ರೂಮಿಗೆ ಹೋಗಿ ಅತ್ತೆ.

ಈಗ ಸ್ಯಾನ್ ಹೊಸೆಯ ಕಂಪನಿಯೊಂದರಲ್ಲಿದ್ದೇನೆ. ಆ ಚಿತ್ರವನ್ನು ಎಷ್ಟೋ ಸಲ ತೆಗೆದು ನೋಡಿದ್ದೇನೆ, ಬುದ್ಧಿಗೆ ಏನೂ ಹೊಳೆದಿಲ್ಲ. ಅವ್ವನಿಗೆ ಅಂಥ ಗೊಂದಲವಿಲ್ಲ. ಊಟಕ್ಕೆ ಕೂತಾಗ ಒಮ್ಮೊಮ್ಮೆ ನನ್ನ ಕಿವಿಯ ಕಡೆ ನೋಡುತ್ತ ಹೇಳುತ್ತಾಳೆ: "ಆ ಮಷೀನ್ ಇದ್ದಿದ್ರ ಇನ್ನೊಮ್ಮೆ ನಿನ್ನ ಮಾರಿ ನೋಡ್ತಿದ್ದೆ."

ಹಾಗಲ್ಲವ್ವಾ ಎಂದು ವಿವರಿಸಲು ಬಾಯಿ ತೆರೆಯುತ್ತೇನೆ. ಆಮೇಲೆ ಅವಳ ತಟ್ಟೆಗೆ ಅನ್ನ ಬಡಿಸುತ್ತೇನೆ.