ಇದ್ದಲಿ ಅಂದ್ರ ತಿಳೀತೈತಿ

ಎಂಬತ್ತೊಂಬತ್ತರ ಮೇ ತಿಂಗಳ ಕೊನೆಯಲ್ಲಿ ನಾನೂ ನಮ್ಮ ಅಣ್ಣನೂ ಧಾರವಾಡ ಬಿಟ್ಟೆವು. ಬೇಸಿಗೆ ರಜೆಯಲ್ಲಿ ಜನ ಗೋಕರ್ಣಕ್ಕೋ ಪಂಢರಪುರಕ್ಕೋ ಹೋಗುತ್ತಾರೆ. ನಾವು ಹೊರಟದ್ದು ಸಂಶಿ, ಅಣ್ಣಿಗೇರಿ, ನವಲಗುಂದ, ಕಲಘಟಗಿ ಅಂತ ಊರೂರು ತಿರುಗಿ ಕಲ್ಲಿದ್ದಲಿನ ಮೇಲೆ ಭಾಷಣ ಮಾಡುವುದಕ್ಕೆ. ಭಾಷಣ ಅಣ್ಣನದು. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು ಅವನು. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಅವನ ಹೆಂಡತಿ, ನಮ್ಮ ವೈನಿ, ತೀರಿಕೊಂಡ ಮೇಲೆ ಅಣ್ಣನ ರಕ್ತದೊತ್ತಡದ ಗುಳಿಗೆ ನೆನಪಿಟ್ಟು ಕೊಡುವ ಕೆಲಸ ನನ್ನ ಪಾಲಿಗೆ ಬಂದಿತ್ತು, ಹಾಗಾಗಿ ನಾನೂ ಚೀಲ ಕಟ್ಟಿದೆ.

ಅದಕ್ಕೂ ಮುಂಚಿನ ಚಳಿಗಾಲವೆಲ್ಲ ಲೈಬ್ರರಿಯಲ್ಲಿ ಕೂತು ಪರದೇಶದ ಪತ್ರಿಕೆಗಳನ್ನು ಓದಿ ಅಣ್ಣ ತಲೆಗೆ ಹುಳ ಬಿಟ್ಟುಕೊಂಡಿದ್ದ. ಕಲ್ಲಿದ್ದಲು ಸುಟ್ಟರೆ ಹುಟ್ಟುವ ಇಂಗಾಲಾಮ್ಲ ಅನಿಲ ಆಕಾಶದಲ್ಲೇ ಉಳಿಯುತ್ತದಂತೆ, ಭೂಮಿಯ ಕಾವು ಹೊರಗೆ ಹೋಗದಂತೆ ತಡೆಯುತ್ತದಂತೆ, ಹೀಗೇ ಸುಡುತ್ತ ಹೋದರೆ ಮೊಮ್ಮಕ್ಕಳ ಕಾಲಕ್ಕೆ ಮಳೆಗಾಲಕ್ಕೆ ಹೊತ್ತುಗೊತ್ತು ಇರುವುದಿಲ್ಲವಂತೆ. ಊಟಕ್ಕೆ ಕೂತರೂ ಅದೇ ಮಾತು, ಎಲೆ ತೆಗೆದರೂ ಅದೇ ಮಾತು. ಆಗ ಕಲ್ಲಿದ್ದಲಿಗೆ ಕೆಟ್ಟ ಹೆಸರು ಇರಲಿಲ್ಲ, ನೆನಪಿಡಿ. ಹೊಳೆಯ ನೀರು ನಂಬಿ ಕೂತರೆ ದೀಪ ಉರಿಯುವುದಿಲ್ಲ, ರಾಯಚೂರ ಕಡೆಯಂತೆ ಇನ್ನೂ ನಾಲ್ಕು ಕಡೆ ಕಲ್ಲಿದ್ದಲಿನ ವಿದ್ಯುತ್ತು ಬರಲಿ ಎಂದು ಪೇಪರಿನವರೂ ಬರೆಯುತ್ತಿದ್ದರು, ಚಹಾದಂಗಡಿಯವರೂ ಹೇಳುತ್ತಿದ್ದರು. ಅಣ್ಣ ಪೇಪರಿಗೆ ಬರೆದು ಕಳಿಸಿದ್ದು ಅಚ್ಚಾಗಲಿಲ್ಲ. ಮಳೆ ನಂಬಿ ಬದುಕುವವರಿಗೇ ಹೋಗಿ ಹೇಳುತ್ತೇನೆ, ಒಂದು ಊರಿನವರು ತಿಳಿದುಕೊಂಡರೂ ಸಾಕು ಎಂದು ಹಟ ಹಿಡಿದ. ಅವನು ಒಂದು ಹಿಡಿದರೆ ಬಿಡುವ ಪೈಕಿ ಅಲ್ಲ.

ಹುಬ್ಬಳ್ಳಿಯಿಂದ ಸಂಶಿಗೆ ಪ್ಯಾಸೆಂಜರ್ ಗಾಡಿ ಹಿಡಿದೆವು. ಉಗಿ ಎಂಜಿನ್ನು. ಕುಂದಗೋಳ ದಾಟುವಷ್ಟರಲ್ಲಿ ಅಣ್ಣನ ಬಿಳಿ ಅಂಗಿಯ ಮೇಲೆಲ್ಲ ಮಸಿಯ ಚುಕ್ಕೆ. ಕಲ್ಲಿದ್ದಲಿನ ಮೇಲೆ ಕೂತು ಕಲ್ಲಿದ್ದಲನ್ನು ಬೈಯಲು ಹೊರಟಿದ್ದೀಯಲ್ಲ ಎಂದು ಚೇಷ್ಟೆ ಮಾಡಿದೆ. ಅವನು ನಗಲಿಲ್ಲ, ಕಣ್ಣಿಗೆ ಬಿದ್ದ ಮಸಿಯನ್ನು ಧೋತರದ ಚುಂಗಿನಿಂದ ಒರೆಸಿಕೊಳ್ಳುತ್ತಿದ್ದ.

ಸಂಶಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಮನೆಯಲ್ಲಿ ಬಿಸಿ ರೊಟ್ಟಿ, ಎಣ್ಣೆಗಾಯಿ, ಕೆನೆಮೊಸರು ಉಂಡೆವು. ಸಂಜೆ ಸೊಸೈಟಿಯ ಕಟ್ಟೆಯ ಮೇಲೆ ಭಾಷಣ. ಅಣ್ಣ ಮನೆಯಿಂದ ದಪ್ಪನೆಯ ಕೌದಿಯೊಂದನ್ನು ತಂದಿದ್ದ. ಮಾತಿನ ನಡುವೆ ಅದನ್ನು ಹೊದ್ದುಕೊಂಡು, ಭೂಮಿಗೂ ಹೀಗೇ ಕೌದಿ ಹೊದಿಸುತ್ತಿದ್ದೇವೆ, ಬೆವರು ಬಿಟ್ಟು ಒದ್ದಾಡುತ್ತದೆ ಎಂದು ತೋರಿಸಬೇಕೆಂಬ ಉಪಾಯ. ಕೌದಿ ಹೊದ್ದ ಗಳಿಗೆಗೇ ಕರೆಂಟು ಹೋಗಿ ಮೈಕು ಬಂದ್ ಆಯಿತು. ಹಿಂದಿನಿಂದ ಯಾರೋ, ಸರ್ ಹೇಳಿದ್ದು ಅಲ್ಲಿತನಕ ಮುಟ್ಟಿತು ನೋಡ್ರಿ, ಇದ್ದಲಿ ಬಂದ್ ಮಾಡ್ಯಾರ ಅಂದ. ಇಡೀ ಕಟ್ಟೆ ಬಿದ್ದು ಬಿದ್ದು ನಕ್ಕಿತು. ನನಗೂ ನಗು ಬಂತು, ಸೆರಗು ಬಾಯಿಗಿಟ್ಟುಕೊಂಡೆ.

ಅಣ್ಣಿಗೇರಿಯಲ್ಲಿ ಅವನನ್ನು ವಿದ್ಯುತ್ ಇಲಾಖೆಯ ಸಾಹೇಬ ಎಂದುಕೊಂಡರು. ಭಾಷಣ ಮುಗಿಯುವವರೆಗೆ ಮರ್ಯಾದೆಯಿಂದ ಕೂತಿದ್ದು, ಮುಗಿದ ಮೇಲೆ ಒಬ್ಬೊಬ್ಬರೇ ಹತ್ತಿರ ಬಂದು ತಮ್ಮ ಪಂಪಿನ ಲೈನು ಯಾವಾಗ ಬರುತ್ತದೆ ಎಂದು ಕೇಳಿದರು. ನವಲಗುಂದದ ಬಿಸಿಲಿಗೆ ಎರೆ ಹೊಲಗಳು ಬಾಯಿ ಬಿಟ್ಟುಕೊಂಡು ಬಿದ್ದಿದ್ದವು, ಗಾಳಿ ಒಲೆಯ ಮುಂದೆ ಕೂತ ಹಾಗೆ ಮುಖಕ್ಕೆ ಹೊಡೆಯುತ್ತಿತ್ತು. ಅಲ್ಲಿ ಹೆಂಗಸರು ಕೌದಿಯನ್ನು ಕೈಗೆ ತೆಗೆದುಕೊಂಡು ಹೊಲಿಗೆ ನೋಡಿದರು, ಎಷ್ಟು ಹಳೆ ಸೀರೆ ಹಿಡಿಯಿತು, ಅಂಚಿಗೆ ಯಾರ ಇಳಕಲ್ ಹಾಕಿದ್ದು ಎಂದೆಲ್ಲ ವಿಚಾರಿಸಿದರು. ಕಲ್ಲಿದ್ದಲಿನ ಸುದ್ದಿ ಯಾರೂ ಎತ್ತಲಿಲ್ಲ. ಆ ರಾತ್ರಿ ಅಣ್ಣ ಅರ್ಧ ರೊಟ್ಟಿಗೇ ಕೈ ತೊಳೆದ. ಮನೆಗೆ ಹೋಗೋಣ ಎಂದೆ, ಒಪ್ಪಲಿಲ್ಲ.

ಹುಬ್ಬಳ್ಳಿಗೆ ಮರಳಿ ಅಲ್ಲಿಂದ ಕಲಘಟಗಿಯ ಕಡೆ ಹೋದೆವು. ಈ ಕಡೆ ಮಣ್ಣು ಕೆಂಪು, ಗಿಡಮರ ಜಾಸ್ತಿ, ಕಣ್ಣಿಗೆ ಸ್ವಲ್ಪ ತಂಪು. ಆದರೆ ಇಲ್ಲಿಯೂ ಮುಂಗಾರಿಗೆ ಮುಂಚಿನ ಅಡ್ಡಮಳೆ ಬಿದ್ದಿರಲಿಲ್ಲ, ನಾವು ಇಳಿದ ಬಮ್ಮಿಗಟ್ಟಿಯ ಜನ ಬಿತ್ತನೆಗೆ ಹೊಲ ಹಸನು ಮಾಡಿ ಮುಗಿಲು ನೋಡುತ್ತ ಕೂತಿದ್ದರು. ಊರಿಗೆ ಹೋಗುವ ದಾರಿಯ ಮಗ್ಗುಲಲ್ಲೇ ಒಂದು ಇದ್ದಲಿ ಭಟ್ಟಿ. ಜಾಲಿಯ ಕಟ್ಟಿಗೆಯನ್ನು ಗುಡ್ಡೆಯಾಗಿ ಒಟ್ಟಿ, ಮೇಲೆ ಹುಲ್ಲು ಮಣ್ಣು ಮೆತ್ತಿ, ಒಳಗೇ ನಿಧಾನಕ್ಕೆ ಬೇಯಿಸುವ ಭಟ್ಟಿ. ಅದನ್ನು ನೋಡಿಕೊಂಡಿದ್ದವಳು ಫಕೀರವ್ವ, ನಲವತ್ತರ ಹೆಂಗಸು. ಅವಳ ಗಂಡ ನಿಂಗಪ್ಪ ಬದುವಿನ ಜಾಲಿ ಕಡಿದು ತರುತ್ತಿದ್ದ. ಹೊಲ ಏನೂ ಇಲ್ಲದವರು, ಭಟ್ಟಿಯ ಮಗ್ಗುಲ ಗುಡಿಸಲಿನಲ್ಲಿದ್ದು ಊರ ಕಮ್ಮಾರನಿಗೆ, ಕಲಘಟಗಿಯ ಅಕ್ಕಸಾಲಿಗರಿಗೆ, ಇಸ್ತ್ರಿಯವರಿಗೆ ಇದ್ದಲಿ ಮಾರಿ ಹೊಟ್ಟೆ ಹೊರೆಯುತ್ತಿದ್ದರು. ನಮಗೆ ತಂಬಿಗೆ ನೀರು, ಬೆಲ್ಲ ಕೊಟ್ಟಳು. ಅಣ್ಣ ಭಟ್ಟಿಯ ಸುತ್ತ ತಿರುಗಿ, ಗಾಳಿಗೆ ಎಲ್ಲಿ ಕಂಡಿ ಬಿಡುತ್ತೀರಿ ಎಂದು ಕೇಳಿದ. ಅವಳು ಹೆಮ್ಮೆಯಿಂದ ತೋರಿಸಿದಳು.

ಭಾಷಣ ಸಾಲೆಯ ಪಡಸಾಲೆಯಲ್ಲಿ. ಹೆಡ್‌ಮಾಸ್ತರರು ಉತ್ಸಾಹದ ಮನುಷ್ಯ, ಮನೆಮನೆಗೆ ಹೋಗಿ ಜನ ಕೂಡಿಸಿದ್ದರು. ಅಣ್ಣ ಎದ್ದು ನಿಲ್ಲುವ ಮುಂಚೆ ಅವರು ಬಗ್ಗಿ ಹೇಳಿದರು:

"ಸರ್ರ, ಕಲ್ಲಿದ್ದಲು ಅಂದ್ರ ನಮ್ಮ ಮಂದಿಗೆ ಏನ್ ತಿಳೀಬೇಕ್ರಿ? ಕಣ್ಣಿಲೆ ಕಂಡವರ ಇಲ್ಲ. ಇದ್ದಲಿ ಅನ್ರಿ, ತಿಳೀತೈತಿ."

ಇಷ್ಟು ಊರು ತಿರುಗಿ ಗಂಟಲು ಹರಿದುಕೊಂಡವನಿಗೆ ಆ ಮಾತು ಹಿಡಿಸಿತು. ಅವತ್ತು ಇದ್ದಲಿ ಎಂದೇ ಹೇಳಿದ. ಇದ್ದಲಿ ಸುಟ್ಟ ಹೊಗೆ ಎಲ್ಲಿ ಹೋಗುತ್ತದೆ, ಮೇಲೆ ಹೋಗಿ ಏನು ಮಾಡುತ್ತದೆ, ಕೌದಿ, ಕಾವು, ಮಳೆ, ಎಲ್ಲ. ದೊಡ್ಡ ದೊಡ್ಡ ದೇಶಗಳ ಕಾರ್ಖಾನೆಗಳ ಹೆಸರೂ ಹೇಳಿದ. ಜನ ಉಸಿರು ಬಿಗಿಹಿಡಿದು ಕೇಳಿದರು. ಯಾರೂ ಪಂಪಿನ ಮಾತು ಆಡಲಿಲ್ಲ, ಯಾರೂ ನಗಲಿಲ್ಲ. ಅಜ್ಜಂದಿರು ತಲೆಯಾಡಿಸಿದರು. ನನ್ನ ಕಣ್ಣಿನಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ. ನಮ್ಮ ಅಣ್ಣನ ಮಾತು ಒಂದು ಊರಿಗಾದರೂ ತಟ್ಟಿತಲ್ಲ ಎಂದು ಹಿಗ್ಗಿದೆ.

ಜನ ಕರಗಿದ ಮೇಲೆ ಫಕೀರವ್ವ ಕಂಬದ ಮರೆಯಿಂದ ಬಂದಳು.

"ಸರ್ರ, ನಮ್ಮ ಭಟ್ಟಿ ಹೊಗಿನೂ ಅಲ್ಲೇ ಹೋಗಿ ಕುಂದರತೈತೇನ್ರಿ?"

ಅಣ್ಣನಿಗೆ ಎಂದೂ ಸುಳ್ಳು ಹೇಳಿ ಗೊತ್ತಿಲ್ಲ. "ಹೊಗಿ ಅಂದಮ್ಯಾಲ ಎಲ್ಲಾ ಅಲ್ಲೇ ಹೋಗೂದವಾ," ಎಂದ. "ಆದ್ರ ನಿಂದು ಲೆಕ್ಕಕ್ಕಿಲ್ಲ ಬಿಡು."

ಗಿಡ ಬೆಳೆಯುವಾಗ ಹೀರಿಕೊಂಡದ್ದನ್ನೇ ಅವಳ ಇದ್ದಲಿ ಹೊರಗೆ ಬಿಡುತ್ತದೆ, ನೆಲದೊಳಗಿನ ಕಲ್ಲಿದ್ದಲಿನದು ಬೇರೆ ಕಥೆ ಎಂದೂ ಬಿಡಿಸಿ ಹೇಳಿದ. ಅವಳು ಹೂಂ ಅನ್ನುತ್ತ ಕೇಳಿ, ಸೆರಗು ಹೊದ್ದುಕೊಂಡು ಹೋದಳು.

ಮರುದಿನ ಕಲಘಟಗಿ ಮುಟ್ಟುವಷ್ಟರಲ್ಲಿ ಅಣ್ಣನ ಮೈ ಕಾದ ಹಂಚಾಗಿತ್ತು. ನಮ್ಮ ಕಾಕಾನ ಮಗಳ ಮನೆಯಲ್ಲಿ ಒಂದು ವಾರಕ್ಕೂ ಹೆಚ್ಚು ಮಲಗಿದ. ಮಲಗಿದಲ್ಲೇ ಬಮ್ಮಿಗಟ್ಟಿಯ ಜನರನ್ನು ಹೊಗಳುತ್ತಿದ್ದ. ಈ ನಡುವೆ ಒಂದು ಮಧ್ಯಾಹ್ನ ಗುಡುಗಿ, ಹೆಂಚು ಹಾರುವ ಹಾಗೆ ಮಳೆ ಹೊಡೆಯಿತು. ಜೂನ್ ಮೊದಲಿಗೆ ಬರುವ ಮಿರ್ಗದ ಮಳೆ ತನ್ನ ಹೊತ್ತಿಗೆ ತಾನು ಬಂದಿತ್ತು.

ಜ್ವರ ಬಿಟ್ಟ ಮೇಲೆ ಅಳ್ನಾವರಕ್ಕೆ ಹೊರಟೆವು, ಅಲ್ಲಿ ಕೊನೆಯ ಭಾಷಣ. ನಡುವೆ ಬಮ್ಮಿಗಟ್ಟಿಗೆ ಹೋಗಿಯೇ ಹೋಗೋಣ ಎಂದು ಅಣ್ಣ ಹಟ ಮಾಡಿದ. ಊರ ಮುಂದೆ ಇಳಿದು ನೋಡಿದರೆ ಭಟ್ಟಿ ಇಲ್ಲ. ಮಣ್ಣು ಒಡೆದು ಹಾಕಿತ್ತು, ಅರೆಬೆಂದ ಜಾಲಿಯ ತುಂಡುಗಳು ಕರಿ ರಾಡಿಯಲ್ಲಿ ಬಿದ್ದಿದ್ದವು. ಗುಡಿಸಲಿನ ತಟ್ಟಿಗೆ ಹಗ್ಗ ಬಿಗಿದಿತ್ತು.

ಹೆಡ್‌ಮಾಸ್ತರರು ಓಡಿ ಬಂದರು, ಅವರ ಹಿಂದೆ ಹತ್ತಾರು ಜನ. ಅಣ್ಣನ ಕೊರಳಿಗೆ ಮಾಲೆ ಹಾಕಿದರು. ಭಾಷಣವಾದ ಮರುದಿನ ಬಾವಿಯ ಹತ್ತಿರ ನಾಲ್ಕು ಹೆಂಗಸರು ಫಕೀರವ್ವನನ್ನು ನೋಡಿ ಏನೋ ಅಂದರಂತೆ. ಯಾರೂ ಬೈದಿಲ್ಲ, ಯಾರೂ ಹೊರಗೆ ಹಾಕಿಲ್ಲ ಎಂದು ಮಾಸ್ತರರು ಒತ್ತಿ ಒತ್ತಿ ಹೇಳಿದರು. ಅವಳೇ ಮನೆಗೆ ಹೋಗಿ, ಊರಿನ ಮಳೆ ಹೋದದ್ದು ನಮ್ಮಿಂದ ಎಂದಾದರೆ ಇಲ್ಲಿ ಹೇಗೆ ಮುಖ ತೋರಿಸುವುದು ಎಂದು ಗಂಡನ ಹತ್ತಿರ ಅತ್ತಳಂತೆ. ಇಬ್ಬರೂ ಕೆರೆಯಿಂದ ಕೊಡ ಕೊಡ ನೀರು ಹೊತ್ತು ಉರಿಯುತ್ತಿದ್ದ ಭಟ್ಟಿಗೆ ಸುರಿದರಂತೆ. ಅದಾದ ಎರಡು ದಿನಕ್ಕೆ ಮಳೆ ಬಂತು. ಭಟ್ಟಿ ಇಲ್ಲದ ಮೇಲೆ ತಿನ್ನುವುದೇನು, ಗಂಡ ಹೆಂಡತಿ ಯಾವುದೋ ಗುತ್ತಿಗೆದಾರನ ಲಾರಿ ಹತ್ತಿ ಕೂಲಿಗೆ ಹೋದರು.

ಅಣ್ಣ ಮಾಲೆ ತೆಗೆದು ಕೈಯಲ್ಲಿ ಹಿಡಿದುಕೊಂಡು ಅಲ್ಲೇ ನಿಂತು ಹೇಳಿದ, ಇದು ತಪ್ಪು, ಮಳೆ ಪ್ರತಿ ವರ್ಷದ ಮಳೆ, ಆ ಭಟ್ಟಿಯ ಹೊಗೆ ನಿಮ್ಮ ಬೀಡಿಯ ಹೊಗೆಯಷ್ಟೂ ಇಲ್ಲ, ಅವರನ್ನು ಕರೆಸಿರಿ. ಎಷ್ಟು ಹೇಳಿದರೂ ನೀರಿನಲ್ಲಿ ಹೋಮ ಮಾಡಿದಂತಾಯಿತು. ದೊಡ್ಡ ಮನುಷ್ಯರು ಹೀಗೇ, ತಮ್ಮ ಹೆಚ್ಚುಗಾರಿಕೆ ತಾವು ಒಪ್ಪುವುದಿಲ್ಲ ಎಂದು ಜನ ಇನ್ನಷ್ಟು ಕೈ ಮುಗಿದರು. ಊರ ಕಮ್ಮಾರ ಮಾತ್ರ ಕುಲುಮೆಯ ಮುಂದೆ ಸುಮ್ಮನೆ ಕೂತಿದ್ದ. ಬಿತ್ತನೆಯ ಹೊತ್ತಿಗೆ ನೇಗಿಲ ಕುಳಗಳು ಅವನ ಮುಂದೆ ರಾಶಿ ಬಿದ್ದಿದ್ದವು, ಕಾಸಲು ಇದ್ದಲಿ ಇರಲಿಲ್ಲ. ಅವನು ನಮ್ಮ ಕಡೆ ನೋಡಲೂ ಇಲ್ಲ.

"ಇರ್ಲಿ ಬಿಡ್ರಿ ಸರ್ರ," ಎಂದರು ಹೆಡ್‌ಮಾಸ್ತರರು. "ಮಳಿ ಅಂತೂ ಬಂತಲ್ಲ."

ನನಗೆ ಆ ಮನುಷ್ಯನ ಮೇಲೆ ಸಿಟ್ಟು ಬಂತು, ಯಾವ ತಪ್ಪಿಗೆ ಎಂದು ಬೈಯಬೇಕೋ ತಿಳಿಯದೆ ಇನ್ನೂ ಸಿಟ್ಟು ಬಂತು.

ಅಳ್ನಾವರಕ್ಕೆ ಹೋಗುವ ಬಸ್ಸಿನಲ್ಲಿ ಅಣ್ಣ ಒಂದೇ ಮಾತು ಆಡಿದ, ಇನ್ನು ಇದ್ದಲಿ ಎಂಬ ಶಬ್ದವನ್ನೇ ಬಾಯಲ್ಲಿ ತರುವುದಿಲ್ಲ ಎಂದು. ಊರು ಮುಟ್ಟಿದಾಗ ಜಿಟಿಜಿಟಿ ಮಳೆ. ಭಾಷಣ ಸಂಜೆಗಿತ್ತು, ವಾಪಸಿನ ಗಾಡಿಯ ಹೊತ್ತು ಕೇಳಿಕೊಂಡು ಬರೋಣವೆಂದು ಸ್ಟೇಶನ್ನಿಗೆ ನಡೆದೆವು. ಗೂಡ್ಸ್ ಯಾರ್ಡಿನಲ್ಲಿ ವ್ಯಾಗನ್ನುಗಳ ಸಾಲು ನಿಂತಿತ್ತು. ಕಾಡಿನಾಚೆಯ ಯಾವುದೋ ಕಾರ್ಖಾನೆಗೆ ಹೋಗುವ ಕಲ್ಲಿದ್ದಲು. ಗಂಡಸರು ಮೇಲೆ ನಿಂತು ಸಲಿಕೆಯಿಂದ ಎಳೆದು ಹಾಕುತ್ತಿದ್ದರು, ಹೆಂಗಸರು ಬುಟ್ಟಿ ತುಂಬಿ ಲಾರಿಗೆ ಹೊರುತ್ತಿದ್ದರು. ಅವರಲ್ಲೊಬ್ಬಳು "ಅಕ್ಕಾರ" ಎಂದು ಕರೆದಳು. ಮುಖವೆಲ್ಲ ಕರಿ, ಹಲ್ಲು ನೋಡಿ ಗುರುತು ಹಿಡಿದೆ. ಫಕೀರವ್ವ.

ನಮ್ಮನ್ನು ಕಂಡು ಅವಳಿಗೆ ಖರೇನೇ ಸಂತೋಷವಾಗಿತ್ತು. ಬುಟ್ಟಿ ಇಳಿಸಿ ಬಂದು ಅಣ್ಣನ ಕಾಲಿಗೆ ಬಗ್ಗಿದಳು.

"ಸುಡೂದು ಬಿಟ್ಟೇವ್ರಿ ಸರ್ರ. ನೀವು ಹೇಳಿದಂಗ ಆತು, ಮಳಿ ಬಂತು."

ಅಣ್ಣ ಏನೋ ಹೇಳಹೋದ. ಅವಳು ಹಿಂದಿನ ರಾಶಿಯ ಕಡೆ ಕೈ ಮಾಡಿದಳು.

"ಇದು ಕರೀ ಕಲ್ಲರಿ. ನೆಲದಾಗಿಂದ ಅಗದು ತರತಾರಂತ. ಗಿಡಾ ಕಡಿಯೂದಿಲ್ಲ, ಏನಿಲ್ಲ. ಇದು ಸುಟ್ರ ಮಳಿಗೆ ಏನೂ ಆಗೂದಿಲ್ಲ, ಹೌದಲ್ರಿ?"

ವ್ಯಾಗನ್ನಿನ ಮೇಲಿದ್ದ ನಿಂಗಪ್ಪ ಸಲಿಕೆ ನಿಲ್ಲಿಸಿ, ಅದರ ಮೇಲೆ ಕೈಯೂರಿ ಅಣ್ಣನನ್ನೇ ನೋಡುತ್ತ ನಿಂತ. ನನಗೆ ಉತ್ತರ ಗೊತ್ತಿತ್ತು. ಊರೂರಿನಲ್ಲಿ ಕೌದಿ ಹೊದ್ದು ಅಣ್ಣ ಬೈದದ್ದು ಇದನ್ನೇ, ಈ ರಾಶಿಯನ್ನೇ. ಇದರಿಂದಲೇ ಆಗುತ್ತದೆ ಎಂದು ಅವನು ಅಂದರೆ ಈ ಹೆಂಗಸು ಬುಟ್ಟಿಯನ್ನು ಅಲ್ಲೇ ಬಿಟ್ಟು ಹೊರಡುತ್ತಾಳೆ, ಅದರಲ್ಲಿ ಅನುಮಾನವಿರಲಿಲ್ಲ. ಎಲ್ಲಿಗೆ ಹೊರಡುತ್ತಾಳೆ? ವ್ಯಾಗನ್ನು ಮಾತ್ರ ನಾಳೆಯೂ ಬರುತ್ತದೆ, ನಾಡಿದ್ದೂ ಬರುತ್ತದೆ.

"ಇಲ್ಲವಾ," ಎಂದ ಅಣ್ಣ. "ಇದರಿಂದ ಏನೂ ಆಗೂದಿಲ್ಲ."

ಫಕೀರವ್ವ ಮೇಲೆ ನೋಡಿ ಗಂಡನಿಗೆ ತಲೆಯಾಡಿಸಿದಳು. ಅವನು ಮತ್ತೆ ಸಲಿಕೆ ಹಾಕಿದ.

ಸಂಜೆಯ ಭಾಷಣಕ್ಕೆ ಮೈಯಲ್ಲಿ ಹುಷಾರಿಲ್ಲ ಎಂದು ಹೇಳಿ ಕಳಿಸಿ, ಸಿಕ್ಕ ಮೊದಲ ಗಾಡಿ ಹತ್ತಿದೆವು. ಅಣ್ಣ ಕಿಟಕಿಯ ಪಕ್ಕ ಕೂತ. ನನಗೆ ಅವನ ಕೈ ಹಿಡಿಯಬೇಕೆನಿಸಿತು, ಹಿಡಿಯಲಿಲ್ಲ. ಗಾಡಿ ಗೂಡ್ಸ್ ಯಾರ್ಡಿನ ಬಾಜೂಕ್ಕೇ ಹಾದು ಹೊರಟಿತು. ಫಕೀರವ್ವ ಬುಟ್ಟಿ ಹೊತ್ತವಳು ನಿಂತು, ನಮ್ಮ ಡಬ್ಬಿಯ ಕಡೆ, ಆಮೇಲೆ ತಲೆಯ ಮೇಲಿನ ಕರೀ ಕಲ್ಲಿನ ಕಡೆ ಕೈ ತೋರಿಸಿ ಪಕ್ಕದವಳಿಗೆ ಏನೋ ಹೇಳಿದಳು. ಅವಳು ತಿರುಗಿ ತನ್ನ ಹಿಂದಿನವಳಿಗೆ ಹೇಳಿದಳು, ಅವಳು ಇನ್ನೊಬ್ಬಳಿಗೆ. ಗಾಡಿಯ ಸದ್ದಿಗೆ ಮಾತು ಕೇಳಿಸಲಿಲ್ಲ. ಅಣ್ಣ ಕಿಟಕಿಯ ಬಾಗಿಲು ಕೆಳಗೆ ಎಳೆದ.