ತಾಯಿಯಿಂದ ಅಗಲಿದ ಮಗು ಎಂಬ ಪಾಠ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ತರೀಕೆರೆಯಲ್ಲಿ ಶಿಕ್ಷಕರ ತರಬೇತಿಗೆ ಸೇರಿದಾಗ ನಮಗಿದ್ದ ಪುಸ್ತಕಗಳಲ್ಲೆಲ್ಲ ದಪ್ಪನೆಯದು ಮಗುವಿನ ಬೆಳವಣಿಗೆಯ ಮನಶ್ಶಾಸ್ತ್ರದ್ದು. ಇಂಗ್ಲಿಷಿನಿಂದ ಕನ್ನಡಕ್ಕೆ ತಂದದ್ದು. ಅದರ ವಾಕ್ಯಗಳು ಎಷ್ಟು ಗಡುಸಾಗಿದ್ದವೆಂದರೆ ಹಾಸ್ಟೆಲಿನ ಹುಡುಗಿಯರು ಜೋರಾಗಿ ಓದಿ ನಗುತ್ತಿದ್ದರು. ಮಗುವಿಗೆ ಯಾವಾಗ ಕತ್ತು ನಿಲ್ಲುತ್ತದೆ, ಯಾವಾಗ ಹೊಸಬರನ್ನು ಕಂಡು ಅಳುತ್ತದೆ ಎಂಬುದನ್ನೆಲ್ಲ ಉರು ಹೊಡೆದೆವು. ತಮ್ಮ ತಂಗಿಯರನ್ನು ಸೊಂಟದ ಮೇಲೆ ಹೊತ್ತೇ ಬೆಳೆದವರಿಗೆ ಇದನ್ನು ಪುಸ್ತಕದಿಂದ ಕಲಿಯುವುದೇ ಒಂದು ತಮಾಷೆ.

ತಾಯಿಯಿಂದ ಅಗಲಿದ ಮಗುವಿನ ಪಾಠ ಬಂದ ದಿನ ಮಾತ್ರ ನನಗೆ ನಗು ಬರಲಿಲ್ಲ. ಎರಡು ಮೂರು ವರ್ಷದ ಮಗುವನ್ನು ತಾಯಿಯಿಂದ ದೂರ ಮಾಡಿದರೆ ಮೊದಲು ಅರಚಿ ಅಳುತ್ತದೆ, ಆಮೇಲೆ ಮೂಲೆ ಹಿಡಿದು ಕೂರುತ್ತದೆ ಎಂದು ಮೇಷ್ಟ್ರು ಓದಿ ಹೇಳಿದರು. ಕೊನೆಗೆ ಉಣ್ಣುತ್ತದೆ, ಆಡುತ್ತದೆ; ನೋಡಿದವರು ಸರಿಹೋಯಿತು ಎಂದುಕೊಳ್ಳುತ್ತಾರೆ. ಆದರೆ ತಾಯಿಯೇ ಎದುರಿಗೆ ಬಂದರೂ ಗುರುತಿಲ್ಲದಂತೆ ಮುಖ ತಿರುಗಿಸುತ್ತದೆ. ಅದು ಮರೆವಲ್ಲ, ನೋವು ತಾಳಲಾರದೆ ಮಗು ಮನಸ್ಸನ್ನು ಮುಚ್ಚಿಕೊಂಡಿರುತ್ತದೆ. ಅಂಥ ಕೆಲವರಿಗೆ ದೊಡ್ಡವರಾದ ಮೇಲೂ ಯಾರನ್ನೂ ಹಚ್ಚಿಕೊಳ್ಳುವುದು ಕಷ್ಟವಾಗುತ್ತದಂತೆ.

ಪಕ್ಕದಲ್ಲಿದ್ದ ಗೆಳತಿ ಮೊಣಕೈಯಿಂದ ತಿವಿದಳು. "ಲೇ, ನಿನ್ ವಿಷ್ಯಾನೇ ಬರ್ದವ್ರೆ ಕಣೇ."

ನನಗೆ ತಾಯಿಯಿಲ್ಲವೆಂದು ಅವಳಿಗೆ ಗೊತ್ತಿತ್ತು. ಶನಿವಾರ ಬಂತೆಂದರೆ ಎಲ್ಲರೂ ಊರಿನ ಬಸ್ಸಿಗೆ ಓಡುವಾಗ ನಾನು ಹಾಸ್ಟೆಲಿನಲ್ಲೇ ಉಳಿಯುತ್ತಿದ್ದುದನ್ನೂ ಅವಳು ನೋಡಿದ್ದಳು. ಅವಳ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಆಮೇಲಿನ ಪಾಠ ನನ್ನ ತಲೆಗೆ ಹೋಗಲಿಲ್ಲ. ನಾನಿನ್ನೂ ಹಾಲು ಕುಡಿಯುವ ಕೂಸಾಗಿದ್ದಾಗಲೇ ಅವ್ವ ಜ್ವರ ಬಂದು ತೀರಿಕೊಂಡಳೆಂದು ನನ್ನನ್ನು ಸಾಕಿದ ಸೋದರತ್ತೆ ಹೇಳಿದ್ದಳು. ಹಾಗಿದ್ದರೆ ಈ ಪಾಠ ನನಗೆ ಸಂಬಂಧಿಸಿದ್ದಲ್ಲ. ಆದರೂ ಅದರ ಒಂದೊಂದು ಸಾಲೂ ನನಗೆ ಮೊದಲೇ ಗೊತ್ತಿದ್ದಂತೆ ಯಾಕನ್ನಿಸಬೇಕು?

ಆ ಶನಿವಾರ ಪುಸ್ತಕವನ್ನೂ ಹಿಡಿದುಕೊಂಡು ಅಜ್ಜಂಪುರದ ಮನೆಗೆ ಹೋದೆ. ಅಪ್ಪ ಅಂಗಡಿಯಲ್ಲಿದ್ದ. ಅತ್ತೆ ಹಜಾರದಲ್ಲಿ ಕೂತು ಮೊರದಲ್ಲಿ ಹುರುಳಿ ಆರಿಸುತ್ತಿದ್ದಳು. ಗಂಡ ಸತ್ತ ಮೇಲೆ ತವರಿಗೆ ಬಂದವಳು, ನನ್ನನ್ನು ಬಿಟ್ಟರೆ ಅವಳಿಗೆ ಮಕ್ಕಳಿರಲಿಲ್ಲ. ನಾನು ಪಕ್ಕದಲ್ಲಿ ಕೂತು ಪಾಠವನ್ನು ನಿಧಾನವಾಗಿ ಓದಿ ಹೇಳಿದೆ. ಮಗು ಮುಖ ತಿರುಗಿಸುವ ಜಾಗಕ್ಕೆ ಬಂದಾಗ ಅವಳ ಕೈ ನಿಂತುಹೋಯಿತು.

"ಇದ್ನ ನಿಂಗೆ ಯಾರು ಹೇಳಿದ್ರು?" ಎಂದಳು.

"ಯಾರೂ ಹೇಳ್ಲಿಲ್ಲ ಅತ್ತೆ. ಪುಸ್ತಕದಾಗೆ ಐತೆ."

ಅವಳು ಮೊರವನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಹೇಳಿದಳು. ಅವ್ವನಿಗೆ ಬಂದಿದ್ದು ಜ್ವರವಲ್ಲ, ಕ್ಷಯ. ಆಗ ನನಗೆ ಎರಡು ತುಂಬಿ ಮೂರು ನಡೆಯುತ್ತಿತ್ತು. ಕಡೂರಿನ ಡಾಕ್ಟರು ಮಗುವನ್ನು ಹತ್ತಿರ ಬಿಡಬೇಡಿ ಎಂದಿದ್ದರು. ಅವ್ವ ಹಿತ್ತಲ ಕಡೆಯ ಕೋಣೆಯಲ್ಲೇ ಹೆಚ್ಚುಕಮ್ಮಿ ಒಂದು ವರ್ಷ ಮಲಗಿದ್ದಳು. ಊರಿಗೆ ಗೊತ್ತಾದರೆ ಮುಂದೆ ನನ್ನನ್ನು ಯಾರೂ ಮದುವೆಯಾಗುವುದಿಲ್ಲವೆಂದು ಎಲ್ಲವನ್ನೂ ಮುಚ್ಚಿಟ್ಟಿದ್ದರು.

"ನೀನು ಬಾಗ್ಲು ಬಡ್ದು ಬಡ್ದು ಅಳ್ತಿದ್ದೆ. ನಾನೇ ಎಳ್ಕೊಂಡ್ ಬತ್ತಿದ್ದೆ. ನನ್ ಕೈ ಕಚ್ಚಿದ್ದೆ ಕಣವ್ವ. ಆಮೇಲೆ ಅಳೋದು ನಿಂತೋಯ್ತು. ಒಂದಿನ ಹಿತ್ತಲಾಗೆ ಆಡ್ತಿದ್ದೆ. ಅವ್ಳು ಕಿಟಕಿ ಸರಳು ಹಿಡ್ಕೊಂಡು ನಿನ್ ಹೆಸ್ರು ಕೂಗಿದ್ಲು. ನೀನು ನೋಡ್ದೆ. ನೋಡಿ ಆ ಕಡೆ ತಿರುಕ್ಕೊಂಡ್ಬಿಟ್ಟೆ."

"ಅವ್ವ ಏನಂದ್ಲು?"

"ಅವ್ಳೇನೂ ಅನ್ಲಿಲ್ಲ. ನಾನೇ ಹೇಳ್ದೆ. ಮಗು ನಿನ್ನ ಮರ್ತುಬಿಟ್ಟೈತೆ, ನಂಗೆ ಹೊಂದ್ಕೊಂಡೈತೆ, ನೀನು ಚಿಂತೆ ಬಿಡು ಅಂದೆ. ಸಮಾಧಾನ ಆಗ್ಲಿ ಅಂತ ಅಂದೆ ಕಣೇ. ಗೋಡೆ ಕಡೆ ತಿರುಗಿ ಮಲ್ಕೊಂಡ್ಲು. ಆವತ್ತಿಂದ ಹಾಲೂ ಮುಟ್ಲಿಲ್ಲ."

ನಾನು ಅಳಲಿಲ್ಲ. ಅಳು ಬಾರದ್ದಕ್ಕೇ ಹೆದರಿಕೆಯಾಯಿತು. ಅತ್ತೆ ಪುಸ್ತಕವನ್ನು ಕೈಗೆ ತೆಗೆದುಕೊಂಡು, ಓದಲು ಬಾರದಿದ್ದರೂ ಆ ಪುಟವನ್ನೇ ನೋಡುತ್ತಿದ್ದಳು.

"ಮರ್ತಿರಲ್ಲ ಅಂತ್ಲಾ ಬರ್ದಿರೋದು? ಸರಿಯಾಗಿ ನೋಡವ್ವ."

"ಹೂಂ ಅತ್ತೆ. ಮರ್ತಿರಲ್ಲ ಅಂತ್ಲೇ ಐತೆ."

"ಹಂಗಾದ್ರೆ ನಾನು ಸುಳ್ಳು ಹೇಳಿ ಕಳಿಸ್ದಂಗಾಯ್ತು ಅವ್ಳನ್ನ." ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಿನಗೆ ಗೊತ್ತಿರಲಿಲ್ಲವಲ್ಲ ಅತ್ತೆ ಎಂದೆ. ಅಪ್ಪ ಊಟಕ್ಕೆ ಬಂದಾಗ ಇಬ್ಬರೂ ಎದ್ದು ತಟ್ಟೆ ಹಾಕಿದೆವು.

ಪರೀಕ್ಷೆಯಲ್ಲಿ ಆ ಪಾಠದ ಮೇಲೇ ಪ್ರಶ್ನೆ ಬಂತು. ಪುಸ್ತಕದಲ್ಲಿದ್ದುದನ್ನು ಒಂದಕ್ಷರ ಬಿಡದೆ ಬರೆದು ಬಂದೆ. ಪಾಸಾಗಿ, ಎಂಬತ್ತರ ದಶಕದ ಮೊದಲಲ್ಲಿ ಹಿರೇನಲ್ಲೂರಿನ ಹತ್ತಿರದ ಶಾಲೆಯೊಂದಕ್ಕೆ ಸೇರಿದೆ. ಅಪ್ಪ ತೀರಿಕೊಂಡ ಮೇಲೆ ಅತ್ತೆಯನ್ನು ಅಲ್ಲಿಗೇ ಕರೆಸಿಕೊಂಡೆ. ಮನೆ ಶಾಲೆಗೆ ಅಂಟಿಕೊಂಡಂತಿತ್ತು.

ಅವಳು ಬಂದದ್ದು ಜೂನಿನಲ್ಲಿ, ಒಂದನೇ ಕ್ಲಾಸಿಗೆ ಹೊಸ ಮಕ್ಕಳು ಸೇರುವ ಹೊತ್ತಿಗೆ. ಬೆಳಿಗ್ಗೆ ಒಬ್ಬ ತಾಯಿ ಮಗಳನ್ನು ಬಿಟ್ಟು ಹೊರಟಳು. ಮಗು ಬಾಗಿಲಿಗೆ ಹಣೆ ಒತ್ತಿ ಕಿರುಚಿಕೊಂಡಿತು. ನಾನು ಓಡಿಹೋಗಿ ಆ ತಾಯಿಯನ್ನು ವಾಪಸು ಕರೆತಂದು ಒಳಗೆ ಕೂರಿಸಿದೆ. ತಿರುಗಿ ಮನೆಯ ಕಡೆ ನೋಡಿದರೆ ಅತ್ತೆ ಹೊಸ್ತಿಲ ಮೇಲೆ ಎರಡೂ ಕಿವಿ ಮುಚ್ಚಿಕೊಂಡು ಕೂತಿದ್ದಳು.

ಸಂಜೆಯ ಹೊತ್ತಿಗೆ ಗಂಟು ಕಟ್ಟಿಟ್ಟಿದ್ದಳು. "ನಂಗಿಲ್ಲಿ ಆಗಲ್ಲ ಕಣವ್ವ. ಬಸ್ ಹತ್ತಿಸ್ಬಿಡು."

ಎಷ್ಟು ಹೇಳಿದರೂ ಕೇಳಲಿಲ್ಲ. ಮಾರನೆಯ ದಿನ ಕಡೂರಿನವರೆಗೆ ಜೊತೆಗೆ ಹೋಗಿ ಅಜ್ಜಂಪುರದ ಬಸ್ಸಿನಲ್ಲಿ ಕೂರಿಸಿದೆ. ಆಮೇಲೆ ಅವಳು ನನ್ನ ಮನೆಗೆ ಬರಲೇ ಇಲ್ಲ. ಅವಳಿರುವವರೆಗೆ ನಾನೇ ಹೋಗಿ ಬರುತ್ತಿದ್ದೆ.